ಹೊಲವಿಲ್ಲದವರ ಮುಯ್ಯಿ

ಆ ದಸರಾ ರಜೆಯಲ್ಲಿ ನಾನು ಶ್ರಮದಾನದ ಶಿಬಿರಕ್ಕೆ ಹೆಸರು ಕೊಟ್ಟದ್ದು ಯಾಕೆ ಎಂದು ಕೇಳಿದರೆ ಈಗಲೂ ನೆಟ್ಟಗೆ ಉತ್ತರ ಹೇಳಲಾರೆ. ದೇಶಸೇವೆಗೆ ಎನ್ನಬಹುದು. ಕಾಲೇಜಿನ ಬೋರ್ಡಿಗೆ ಅಂಟಿಸಿದ್ದ ಕಾಗದದಲ್ಲಿ ಹಾಗೇ ಬರೆದಿತ್ತು. ಆದರೆ ಹಾಸ್ಟೆಲಿನ ನನ್ನ ಕೋಣೆಯವರೆಲ್ಲ ಹೊರಟು ನಿಂತಿದ್ದರು, ಒಬ್ಬಳೇ ಊರಿಗೆ ಹೋಗಿ ಏನು ಮಾಡಲಿ ಎಂಬುದೂ ಒಂದು ಕಾರಣ. ಸರ್ಟಿಫಿಕೇಟು ಕೊಡುತ್ತಾರೆ, ಮುಂದೆ ಕೆಲಸಕ್ಕೆ ಅನುಕೂಲವಾಗುತ್ತದೆ ಎಂದು ಯಾರೋ ಹೇಳಿದ್ದು ಇನ್ನೊಂದು ಕಾರಣ. ಹತ್ತು ಮನಸ್ಸಿನಲ್ಲಿ ಹೊರಟವಳು ನಾನು.

ಎಪ್ಪತ್ತರ ದಶಕದ ನಡುಭಾಗ ಅದು. ನಾನು ದುರ್ಗದಲ್ಲಿ ಓದುತ್ತಿದ್ದೆ. ನಮ್ಮ ಮನೆ ಇದ್ದದ್ದು ಮಾರಿಕಣಿವೆಯಲ್ಲಿ, ಅಣೆಕಟ್ಟೆಯ ಕೆಳಗಿನ ನೀರಾವರಿ ಇಲಾಖೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿನ ಕಚೇರಿಯಲ್ಲಿ ಗುಮಾಸ್ತರು. ರಜೆಗೆ ಬರುವುದಿಲ್ಲ, ಹೊಸದುರ್ಗದ ಕಡೆ ಒಂದು ಹಳ್ಳಿಗೆ ರಸ್ತೆ ಮಾಡಲು ಹೋಗುತ್ತೇನೆ ಎಂದು ಕಾರ್ಡು ಬರೆದೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಅಪ್ಪ ಒಂದೇ ಸಾಲಿನ ಉತ್ತರ ಬರೆದರು. ಮನೆಯಲ್ಲಿ ನಾನು ಪೊರಕೆ ಹಿಡಿಯದೆ ವರ್ಷಗಳಾಗಿತ್ತು, ಆದ್ದರಿಂದ ಅದಕ್ಕೆ ಎದುರು ಬರೆಯಲು ಏನೂ ಇರಲಿಲ್ಲ.

ಹೊಳಲ್ಕೆರೆ ದಾಟಿ ಹೊಸದುರ್ಗ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಬಾಗೂರಿನ ಕಡೆ ಹೋದೆವು. ಬಸ್ಸು ನಮ್ಮನ್ನು ಬೇವಿನ ಮರವೊಂದರ ಕೆಳಗೆ ಇಳಿಸಿ ಧೂಳೆಬ್ಬಿಸಿ ಹೊರಟುಹೋಯಿತು. ಹುಡುಗಿಯರದೇ ತಂಡ, ಜೊತೆಗೆ ನಮ್ಮ ಮೇಡಂ ಒಬ್ಬರು. ಹುಡುಗರ ತಂಡವನ್ನು ಬೇರೆ ಎಲ್ಲಿಗೋ ಕಳಿಸಿದ್ದರು. ನಾವು ಉಳಿದುಕೊಂಡದ್ದು ಹಳ್ಳಿಯ ಶಾಲೆಯಲ್ಲಿ. ಅಲ್ಲಿಂದ ಒಳಗೆ, ಹೊಲಗಳ ನಡುವೆ, ಕುರಿ ಕಾಯುವವರ ಒಂದು ಹಟ್ಟಿ ಇತ್ತು. ಸುತ್ತ ಜಾಲಿಯ ಮುಳ್ಳಿನ ಬೇಲಿ, ಒಳಗೆ ತಗ್ಗಾದ ಮನೆಗಳು, ಕುರಿ ಕೂಡುವ ರೊಪ್ಪಗಳು. ಆ ಹಟ್ಟಿಗೆ ಗಾಡಿ ಹೋಗುವಂಥ ದಾರಿ ಮಾಡಿಕೊಡುವುದು ನಮ್ಮ ಶ್ರಮದಾನ.

ಮೊದಲ ದಿನವೇ ಮೇಡಂ ಹಟ್ಟಿಯವರನ್ನು ಸೇರಿಸಿ ಭಾಷಣ ಮಾಡಿದರು. ಶ್ರಮವನ್ನು ದಾನ ಮಾಡುವುದೇ ಶ್ರಮದಾನ, ಅದಕ್ಕೆ ಪ್ರತಿಫಲ ಕೇಳುವುದಿಲ್ಲ, ಎಂದರು. ಹಟ್ಟಿಯ ಯಜಮಾನ, ಕಂಬಳಿ ಹೊದ್ದ ಮುದುಕ, ಬಹಳ ಹೊತ್ತು ಯೋಚಿಸಿ ಒಂದು ಪ್ರಶ್ನೆ ಕೇಳಿದ.

"ದಾನ ಅಂತೀರಲ್ಲ ತಾಯಿ, ನಿಮ್ಮ ಕಡೆ ಯಾರು ತೀರ್ಕಂಡವ್ರೆ?"

ನಮಗೆ ನಗು ತಡೆಯಲಾಗಲಿಲ್ಲ. ಮೇಡಂ ಮಾತ್ರ ಗಂಭೀರವಾಗಿ, ಯಾರೂ ಸತ್ತಿಲ್ಲ, ಸತ್ತಾಗ ಮಾಡುವ ದಾನ ಬೇರೆ, ಇದು ಬೇರೆ ಎಂದು ಮತ್ತೆ ಮೊದಲಿನಿಂದ ವಿವರಿಸಿದರು. ಮುದುಕ ತಲೆಯಾಡಿಸಿದ. ಅರ್ಥವಾಗಿ ಆಡಿಸಿದನೋ ಸಾಕಾಗಿ ಆಡಿಸಿದನೋ ತಿಳಿಯಲಿಲ್ಲ. ಮಾರನೆಯ ದಿನದಿಂದ ನಾವು ಗುದ್ದಲಿ ಹಿಡಿದೆವು. ಅಂಗೈಯಲ್ಲಿ ಬೊಬ್ಬೆ ಎದ್ದವು. ಹಾಡಿದ್ದು ಜಾಸ್ತಿ, ಅಗೆದದ್ದು ಕಡಿಮೆ. ಹಟ್ಟಿಯ ಹೆಂಗಸರು ಹೊಲಕ್ಕೆ ಹೋಗುವಾಗ ಬರುವಾಗ ನಿಂತು ನೋಡಿ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ಹೋಗುತ್ತಿದ್ದರು.

ಅದು ಶೇಂಗಾ ಕೀಳುವ ಕಾಲ. ಹೆಂಗಸರು ಹಿಂಡು ಕಟ್ಟಿಕೊಂಡು ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರ ಹೊಲ ಎಂದು ಹೋಗಿ ಗಿಡ ಕಿತ್ತು, ಕುಳಿತು ಕಾಯಿ ಬಿಡಿಸುತ್ತಿದ್ದರು. ನಾವು ಅಗೆಯುತ್ತಿದ್ದ ದಾರಿಯ ಪಕ್ಕದ ಹೊಲದಲ್ಲಿ ಮಾತ್ರ ಒಬ್ಬಳೇ ಒಬ್ಬಳು ಹೆಂಗಸು ಬಗ್ಗಿ ಗಿಡ ಕೀಳುತ್ತಿದ್ದಳು. ನಾವು ಬರುವ ಮೊದಲೂ ಅಲ್ಲೇ, ಹೋದ ಮೇಲೂ ಅಲ್ಲೇ. ಕಿತ್ತ ಗಿಡಗಳು ಗುಡ್ಡೆ ಗುಡ್ಡೆಯಾಗಿ ಬಿದ್ದಿದ್ದವು. ಕಾಯಿ ಬಿಡಿಸಲು ಕೈಗಳಿರಲಿಲ್ಲ. ಮೇಲೆ ಮೋಡ ಕಟ್ಟುತ್ತಿತ್ತು.

ನೀರು ಕೇಳುವ ನೆಪದಲ್ಲಿ ಮಾತಾಡಿಸಿದೆವು. ಮೂವತ್ತರ ಆಸುಪಾಸಿನವಳು, ಒಣಕಲು ಮೈ, ಮಾತು ಮಾತ್ರ ಚುರುಕು. ಗಂಡನಿಗೆ ಹೋದ ವರ್ಷ ಬಂಡೆಯಿಂದ ಬಿದ್ದು ಕಾಲು ಮುರಿದಿತ್ತು. ನಾಟಿ ವೈದ್ಯರು ಕಟ್ಟು ಕಟ್ಟಿದ್ದರೂ ಕಾಲು ನೆಟ್ಟಗೆ ಕೂಡಿರಲಿಲ್ಲ. ಅವನ ಆರೈಕೆಯಲ್ಲಿ ಅವಳಿಗೆ ಹೋದ ವರ್ಷ ಬೇರೆಯವರ ಹೊಲಗಳಿಗೆ ಹೋಗಲಾಗಲಿಲ್ಲ. ಆದ್ದರಿಂದ ಈ ವರ್ಷ ಇವಳ ಹೊಲಕ್ಕೆ ಯಾರೂ ಬರಲಿಲ್ಲ. ಇಷ್ಟನ್ನು ಅವಳು ದೂರುವ ಧ್ವನಿಯಲ್ಲೂ ಹೇಳಲಿಲ್ಲ. ಮಳೆ ಬಂದರೆ ಕಾಯಿ ಮೊಳಕೆ ಒಡೆಯುತ್ತದೆ ಎಂದಷ್ಟೇ ಹೇಳಿ ಮತ್ತೆ ಬಗ್ಗಿದಳು.

ನಮಗೆ ಸಿಟ್ಟು ಬಂತು, ಹಟ್ಟಿಯವರ ಮೇಲೆ. ಇಂಥ ಕಟುಕರಿಗೆ ನಾವು ದಾರಿ ಮಾಡಿಕೊಡುತ್ತಿದ್ದೇವಲ್ಲ ಎಂದು ನಮ್ಮ ಮೇಲೂ ಬಂತು. ಎಲ್ಲರೂ ಸೇರಿ ಮೇಡಂ ಹತ್ತಿರ ಹೋದೆವು. ಕಾರ್ಯಕ್ರಮದಲ್ಲಿ ರಸ್ತೆ ಎಂದು ಬರೆದಿದೆ, ಶೇಂಗಾ ಎಂದು ಬರೆದಿಲ್ಲ ಎಂದು ಅವರು ಮೊದಲು ಕೊಸರಾಡಿದರು. ಆಮೇಲೆ ಮೋಡ ನೋಡಿದರು, ಇದೂ ಸೇವೆಯೇ ಎಂದರು.

ನಾವು ಆ ಹೊಲಕ್ಕೆ ನುಗ್ಗಿದೆವು. ನುಗ್ಗಿದೆವು ಎಂಬುದೇ ಸರಿಯಾದ ಮಾತು. ಕಾಯಿ ಬಿಡಿಸುವುದು ನೋಡಲು ಸುಲಭ, ಸ್ವಲ್ಪ ಹೊತ್ತಿಗೆ ಉಗುರಿನ ಸಂದು ಉರಿಯುತ್ತದೆ. ಬಿಡಿಸಿದಷ್ಟು ತಿಂದೆವು ಕೂಡ. ಅವಳು ನಮ್ಮ ನಡುವೆ ಕುಳಿತು, ನಾವು ಒಂದು ಗಿಡ ಮುಗಿಸುವಷ್ಟರಲ್ಲಿ ಗುಡ್ಡೆ ಕರಗಿಸುತ್ತಿದ್ದಳು. ಆದರೂ ಕೈ ಹೆಚ್ಚಿದ್ದರಿಂದ ಮಳೆಗೆ ಮೊದಲು ಕೆಲಸ ಮುಗಿಯಿತು. ಕಾಯಿ ಚೀಲಕ್ಕೆ ತುಂಬಿ ಅವಳ ಮನೆಯ ಒಳಗೆ ಸೇರಿಸಿದೆವು. ಬಾಗಿಲ ಬಳಿ ಕೋಲು ಊರಿ ನಿಂತಿದ್ದ ಅವಳ ಗಂಡ ನಮ್ಮನ್ನು ನೋಡಿ ಕಣ್ಣೊರೆಸಿಕೊಂಡ. ನನಗೆ ಹೆಮ್ಮೆ ಎನಿಸಿತು.

ಹೊರಡುವಾಗ ಅವಳು ನಮ್ಮ ಜೊತೆ ಬೇವಿನ ಮರದವರೆಗೂ ಬಂದಳು. ನಾವೆಲ್ಲ ಯಾವ ಯಾವ ಊರಿನವರು, ಯಾರ ಮನೆಯಲ್ಲಿ ಯಾವಾಗ ಕೆಲಸ ಇರುತ್ತದೆ, ಮೊದಲು ಯಾರ ಮನೆಗೆ ಬರಲಿ ಎಂದು ಒಬ್ಬೊಬ್ಬರನ್ನೇ ಕೇಳತೊಡಗಿದಳು. ನಾವು ಮುಖ ಮುಖ ನೋಡಿಕೊಂಡೆವು. ಏನೂ ಬೇಡ ಅಕ್ಕ, ಇದು ದಾನ ಎಂದು ಒಬ್ಬಳು ಹೇಳಿದ್ದೇ ತಡ, ಅವಳ ಮುಖ ಕಪ್ಪಿಟ್ಟಿತು. ಅದನ್ನು ನೋಡಲಾರದೆ ನಾನು ಮುಂದೆ ಬಿದ್ದು, ಎಲ್ಲರದ್ದೂ ಸೇರಿಸಿ ನಮ್ಮ ಮನೆಗೇ ಬರ್ರಿ ಅಕ್ಕ, ಮಾರಿಕಣಿವೆ ಕ್ವಾರ್ಟರ್ಸು ಎಂದುಬಿಟ್ಟೆ. ತಮಾಷೆ ಪೂರ್ತಿ ಅಲ್ಲ, ನಿಜವೂ ಪೂರ್ತಿ ಅಲ್ಲ. ಅವಳು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು:

"ನಿಮ್ಮ ಮುಯ್ಯಿ ತೀರಿಸ್ದೆ ಬಿಡಲ್ಲ ಕಣವ್ವ ನಾನು."

ಬಸ್ಸಿನಲ್ಲಿ ಕುಳಿತ ಮೇಲೆ ನಮಗೆ ಆ ಮಾತು ಕಿವಿಯಲ್ಲಿ ಗುಂಯ್‌ಗುಟ್ಟತೊಡಗಿತು. ಮುಯ್ಯಿ ಎಂದರೆ ಸೇಡು. ಮುಯ್ಯಿಗೆ ಮುಯ್ಯಿ ಎಂದು ಪಾಠದ ಪುಸ್ತಕದಲ್ಲಿ ಓದಿದ್ದೆವು, ಟೆಂಟಿನಲ್ಲಿ ಸಿನಿಮಾ ನೋಡಿ ಕಲಿತಿದ್ದೆವು. ಇವಳು ನಮ್ಮ ಮೇಲೆ ಯಾಕೆ ಸೇಡು ತೀರಿಸಿಕೊಳ್ಳಬೇಕು? ಕಾಯಿ ತಿಂದದ್ದಕ್ಕೇ? ಯಾರೋ ಒಬ್ಬಳು ಚೀಲ ಎತ್ತುವಾಗ ಅವಳ ಗಂಡನನ್ನು ಕುಂಟ ಎಂದಳಂತೆ, ಅದಕ್ಕೇ? ಮದುವೆಯಲ್ಲಿ ಉಡುಗೊರೆ ಕೊಡುವುದಕ್ಕೂ ಮುಯ್ಯಿ ಎನ್ನುತ್ತಾರಲ್ಲ, ಅದಿರಬಹುದು ಎಂದು ಹೊಳಲ್ಕೆರೆಯ ಗೆಳತಿ ಹೇಳಿದಳು. ಹಾಗಾದರೆ ಮದುವೆ ಯಾರದು? ಕಿಟಕಿಯ ಪಕ್ಕದವಳು, ಏನೇ ಆಗಲಿ ವಿಳಾಸ ಕೊಟ್ಟವಳು ನೀನು, ನಾವಲ್ಲ ಎಂದು ನನಗೆ ಹೇಳಿ ನಿದ್ದೆ ಹೋದಳು. ಶ್ರಮದಾನದಿಂದ ನಾನು ತಂದದ್ದು ಒಂದು ಸರ್ಟಿಫಿಕೇಟು, ಅಂಗೈ ತುಂಬ ಬೊಬ್ಬೆ, ಈ ಒಂದು ಗೊಂದಲ.

ಬೇಸಿಗೆ ರಜೆಗೆ ಮಾರಿಕಣಿವೆಗೆ ಬಂದಾಗ ಅದು ಮರೆತೇ ಹೋಗಿತ್ತು. ಅಕ್ಕನ ಮದುವೆ ಗೊತ್ತಾಗಿತ್ತು, ಮನೆಯಲ್ಲಿ ಅದೇ ಮಾತು. ಒಂದು ಬೆಳಿಗ್ಗೆ ಕಾಲುವೆಯ ಸೌಡಿ, ಅಂದರೆ ನೀರು ಬಿಡುವ ನೌಕರ, ಓಡಿಬಂದು ಅಪ್ಪನನ್ನು ಹೊರಗೆ ಕರೆದ. ಯಾರೋ ಹೆಂಗಸು ಬಂದಿದ್ದಾಳೆ, ದುರ್ಗದಲ್ಲಿ ಓದುವ ಹುಡುಗಿಯ ಮನೆ ಯಾವುದು ಅಂತ ಮನೆಮನೆ ಕೇಳುತ್ತಿದ್ದಾಳೆ, ಮುಯ್ಯಿ ತೀರಿಸಬೇಕು ಅನ್ನುತ್ತಾಳೆ, ಸೊಂಟದಲ್ಲಿ ಕುಡುಗೋಲು ಬೇರೆ ಐತೆ ಎಂದ.

ಅಪ್ಪ ಫೈಲಿಗೆ ಹೆದರುವವರೇ ಹೊರತು ಮನುಷ್ಯರಿಗೆ ಹೆದರುವವರಲ್ಲ ಎಂದು ನಾನು ತಿಳಿದಿದ್ದೆ. ಆವತ್ತು ಅವರು ಬಾಗಿಲಿಗೆ ಚಿಲಕ ಹಾಕಿದರು. ಏನು ಮಾಡಿಬಂದೆ ಹೇಳು, ಯಾರ ಸಂಸಾರದಲ್ಲಿ ಕೈ ಹಾಕಿದೆ ಹೇಳು ಎಂದು ನನ್ನನ್ನು ಗೋಡೆಗೆ ಒತ್ತಿದಂತೆ ನಿಲ್ಲಿಸಿ ಕೇಳಿದರು. ಶೇಂಗಾ ಬಿಡಿಸಿದೆ ಎಂದೆ. ಶೇಂಗಾ ಬಿಡಿಸಿದ್ದಕ್ಕೆ ಯಾರಾದರೂ ಕುಡುಗೋಲು ತರುತ್ತಾರೆಯೇ ಎಂದರು. ಅದೇ ನನಗೂ ಗೊತ್ತಾಗದೆ ಇದ್ದದ್ದು.

ಅಡಿಗೆಮನೆಯಿಂದ ಅಮ್ಮ ಬಂದಳು. ಅಮ್ಮ ಹೊಳಲ್ಕೆರೆ ಕಡೆಯ ಒಕ್ಕಲು ಮನೆಯವಳು. ಮದುವೆಯಾಗಿ ಕ್ವಾರ್ಟರ್ಸಿಗೆ ಬಂದ ಮೇಲೆ ಅಪ್ಪನ ಹಾಗೆ ನಾಜೂಕಾಗಿ ಮಾತಾಡುವುದನ್ನು ಕಲಿತಿದ್ದಳು. ಸಂಗತಿ ಕೇಳಿದವಳೇ ಸೆರಗಿನಿಂದ ಮುಖ ಒರೆಸಿಕೊಂಡು ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಬಂತು. ಮುಯ್ಯಾಳು ಅಂದರೆ ಏನು ಎಂದು ಅವಳು ಹೇಳಿದ್ದು ಆವಾಗಲೇ. ಇವತ್ತು ನೀವು ನನ್ನ ಹೊಲಕ್ಕೆ ಒಂದಾಳು ಬಂದರೆ ನಾಳೆ ನಾನು ನಿಮ್ಮ ಹೊಲಕ್ಕೆ ಒಂದಾಳು ಬರಬೇಕು. ಕೂಲಿ ಇಲ್ಲ, ದಾನವೂ ಇಲ್ಲ, ಆಳಿಗೆ ಆಳು. ಇಷ್ಟೂ ಗೊತ್ತಿಲ್ಲದ ನಿಮಗೆ ಯಾವ ಕಾಲೇಜಿನಲ್ಲಿ ಯಾರು ಪಾಠ ಹೇಳುತ್ತಾರೆ ಎಂದು ನಗುತ್ತಲೇ ಹೋಗಿ ಚಿಲಕ ತೆಗೆದಳು.

ಶೇಂಗಾ ಹೊಲದವಳೇ ನಿಂತಿದ್ದಳು. ಕೆಲಸಕ್ಕೆ ಬಂದವಳು, ಆದ್ದರಿಂದ ಕುಡುಗೋಲು. ಸಣ್ಣ ಗಂಟಿನಲ್ಲಿ ಇನ್ನೊಂದು ಸೀರೆ, ರಾಗಿ ಹಿಟ್ಟು. ಎಲ್ಲ ಹುಡುಗಿಯರ ಆಳೂ ತೀರುವವರೆಗೆ ಇಲ್ಲೇ ಇದ್ದು ದುಡಿದು ಹೋಗುತ್ತೇನೆ, ಹೊಲ ಯಾವ ಕಡೆ ತೋರಿಸ್ರಿ ಎಂದಳು.

ಹೊಲ ಇಲ್ಲ ಎಂದು ಹೇಳುವುದು ಎಷ್ಟು ಕಷ್ಟ ಎಂದು ಆವತ್ತು ತಿಳಿಯಿತು. ಅವಳಿಗೆ ಅದು ನಂಬಿಕೆಯೇ ಆಗಲಿಲ್ಲ. ಮನೆ ಯಾರದು ಎಂದಳು, ಸರ್ಕಾರದ್ದು ಎಂದೆವು. ನೀರು? ಸರ್ಕಾರದ್ದು. ಮನೆ ಮುಂದಿನ ಕರಿಬೇವು ಮಾತ್ರ ನಮ್ಮದು. ಅವಳು ಆ ಕರಿಬೇವಿನ ಗಿಡವನ್ನೇ ನೋಡುತ್ತ ಕುಳಿತುಬಿಟ್ಟಳು.

ಅವಳ ಕಷ್ಟ ಏನು ಎಂದು ಅಮ್ಮ ಒಂದೊಂದೇ ಮಾತು ಕೇಳಿ ಹೊರಗೆ ತೆಗೆದಳು. ನಾವು ಶೇಂಗಾ ಬಿಡಿಸಿಕೊಟ್ಟು ಬಂದ ಮೇಲೆ ಹಟ್ಟಿಯಲ್ಲಿ ಅವಳಿಗೆ ಹೊಸ ಹೆಸರು ಬಿದ್ದಿತ್ತು, ಪುಕ್ಕಟೆ ಹೊಲದವಳು ಎಂದು. ಯಾರಿಗೂ ತೀರಿಸಬೇಕಾದ್ದೇ ಇಲ್ಲದ ಆಳುಗಳು ಅವಳಿಗೆ ಪಟ್ಟಣದಿಂದ ಬರುತ್ತಾರೆ, ನಮ್ಮ ಮುಯ್ಯಿ ಅವಳಿಗ್ಯಾಕೆ ಎಂದು ಹೆಂಗಸರು ಆಡಿಕೊಂಡರು. ಮೊದಲಾದರೆ ಗಂಡ ಬಿದ್ದ ವರ್ಷದ ಬಾಕಿ ಆಳನ್ನು ತೀರಿಸಿ ಮತ್ತೆ ಗುಂಪು ಸೇರಬಹುದಿತ್ತು. ಈಗ ಅದಕ್ಕೂ ಯಾರೂ ಕರೆಯುತ್ತಿರಲಿಲ್ಲ. ರೋಹಿಣಿ ಮಳೆಗೆ ಬಿತ್ತನೆ. ಗಂಡನ ಕಾಲು ನೇಗಿಲ ಹಿಂದೆ ನಡೆಯುವಂಥದ್ದಲ್ಲ. ಮುಯ್ಯಿಗೆ ಸೇರಿಸಿಕೊಳ್ಳದಿದ್ದರೆ ಹೊಲ ಬೀಳು ಬೀಳುತ್ತದೆ. ಹುಡುಗಿಯರ ಮುಯ್ಯಿಯನ್ನು ತೀರಿಸಿ ಬಂದೆ, ಪುಕ್ಕಟೆ ಅಲ್ಲ ಎಂದು ಹಟ್ಟಿಗೆ ತೋರಿಸಲು ಅವಳು ಬಸ್ಸು ಹತ್ತಿ ಬಂದಿದ್ದಳು.

ಒಳ್ಳೆಯದು ಮಾಡಿದೆವೋ ಕೆಟ್ಟದು ಮಾಡಿದೆವೋ? ಮಳೆಯಲ್ಲಿ ಕಾಯಿ ಮೊಳಕೆ ಒಡೆಯಲಿ ಎಂದು ಬಿಟ್ಟು ಬರಬೇಕಿತ್ತೇ? ಅಪ್ಪ ಕಚೇರಿಯ ಬುದ್ಧಿ ಓಡಿಸಿದರು. ಕೆಲಸ ಸಂದಾಯವಾಗಿದೆ ಎಂದು ಒಂದು ಕಾಗದ ಬರೆದು ಸಹಿ ಹಾಕಿಕೊಡುತ್ತೇನೆ, ಬೇಕಾದರೆ ಸೀಲೂ ಒತ್ತಿಸುತ್ತೇನೆ ಎಂದರು. ಮಾಡದ ಕೆಲಸಕ್ಕೆ ಕಾಗದ ಯಾಕ್ರಿ ಎಂದಳು ಅವಳು. ಅಮ್ಮ ಒಳಗಿನಿಂದ ಒಂದು ಸೀರೆ, ಮೊರದ ತುಂಬ ಅಕ್ಕಿ ತಂದಳು. ಅದನ್ನು ನೋಡಿ ಅವಳು ಎದ್ದು ನಿಂತಳು. ಹಾಗಾದರೆ ಹಪ್ಪಳ ಒತ್ತಿಕೊಡು, ಅಂಗಳ ಗುಡಿಸಿಕೊಡು ಎಂದರೆ, ಇಲ್ಲದ ಕೆಲಸ ಹುಟ್ಟಿಸಬ್ಯಾಡ್ರಿ ಅಕ್ಕಾರೆ ಎಂದಳು. ನನಗೆ ಒಳಗೇ ರೇಗಿತು. ನಾವು ಏನೂ ಬಯಸಿ ಬಂದಿರಲಿಲ್ಲ ಅಕ್ಕ, ನೀನು ಯಾಕೆ ಇಷ್ಟು ಹಟ ಮಾಡುತ್ತೀ ಎಂದೆ. ಅವಳು ಗಂಟನ್ನು ಕಂಕುಳಿಗೆ ಸೇರಿಸಿಕೊಂಡು ನನ್ನ ಕಡೆ ತಿರುಗಿದಳು.

"ತಿರುಗಿ ಇಸ್ಕಳಾಕೆ ಆಗದೋರು ಕೊಡಬಾರ್ದು ಕಣವ್ವ. ಹೊಲ ಇಲ್ದೋರು ನನ್ನ ಹೊಲಕ್ಕೆ ಯಾಕೆ ಬಂದ್ರಿ?"

ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು, ಅದಕ್ಕೇ ಅದು ನೆಟ್ಟಗೆ ಎದೆಗೆ ಬಂದು ತಾಗಿತು. ನೀರು ಕುಡಿದು, ಊಟ ಬೇಡ ಎಂದು ಹೇಳಿ, ಹಿರಿಯೂರಿನ ಬಸ್ಸಿಗೆ ನಡೆದುಬಿಟ್ಟಳು. ಸೌಡಿ ಅವಳು ಹೋಗುವುದನ್ನು ನೋಡಿ ಸಮಾಧಾನದ ಉಸಿರು ಬಿಟ್ಟ.

ಮಾರನೆಯ ಬೆಳಿಗ್ಗೆ ಅಮ್ಮ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, ಹೊರಡು ಎಂದಳು ನನಗೆ. ಎಲ್ಲಿಗೆ ಎಂದರೆ, ಸಾಲ ಕೊಟ್ಟೋರು ಕೇಳೋಕೆ ಹೋಗ್ಬೇಕು ತಾನೆ ಎಂದಳು. ಮದುವೆಗೆ ಇನ್ನೂ ಕೆಲವು ವಾರಗಳಿದ್ದವು. ಅಡಿಗೆಗೆ ಯಾರು, ಬೀಸುವುದಕ್ಕೆ ಕುಟ್ಟುವುದಕ್ಕೆ ಯಾರು ಎಂದು ಅಮ್ಮ ಪರದಾಡುತ್ತಿದ್ದದ್ದು ನಿಜವೇ. ಕ್ವಾರ್ಟರ್ಸಿನಲ್ಲಿ ನೆಂಟರಿಲ್ಲ. ಅಲ್ಲಿನವರೆಲ್ಲ ಬೇರೆ ಬೇರೆ ಊರುಗಳಿಂದ ವರ್ಗವಾಗಿ ಬಂದವರು.

ಹೊಸದುರ್ಗದಲ್ಲಿ ಬಸ್ಸು ಬದಲಿಸಿ ಆ ಬೇವಿನ ಮರದ ಹತ್ತಿರ ಇಳಿದೆವು. ನಾವು ಅಗೆದ ದಾರಿ ಅಲ್ಲಲ್ಲಿ ಇತ್ತು, ಅಲ್ಲಲ್ಲಿ ಇರಲಿಲ್ಲ. ಹಟ್ಟಿಯ ಹೊರಗಿನ ಮರದ ಕಟ್ಟೆಯ ಮೇಲೆ ಯಜಮಾನ ಕುಳಿತಿದ್ದ. ಹೆಂಗಸರು ಹುಣಸೆಹಣ್ಣು ಕುಟ್ಟುತ್ತಿದ್ದರು. ಅವಳು ದೂರದಲ್ಲಿ ತನ್ನ ಬಾಗಿಲಿಗೆ ಸಗಣಿ ಸಾರಿಸುತ್ತಿದ್ದಳು. ಅಮ್ಮ ಕಟ್ಟೆಯ ಹತ್ತಿರ ಹೋಗಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಅವಳನ್ನು ಕೂಗಿ ಕರೆದಳು. ಅವಳು ಸಗಣಿ ಕೈಯಲ್ಲೇ ಬಂದಳು. ಆಮೇಲೆ ಅಮ್ಮನ ಬಾಯಿಂದ ಬಂದ ಮಾತು ನಾನು ಮನೆಯಲ್ಲಿ ಎಂದೂ ಕೇಳದ ಮಾತು.

"ಏನಮ್ಮಾ, ನಮ್ಮ ಹುಡುಗೀರ ಕೈಲಿ ಹೊಲ ಮಾಡಿಸ್ಕಂಡು ಸುಮ್ನೆ ಕುಂತಿದ್ದೀಯಲ್ಲ. ಪುಕ್ಕಟೆ ಅಂದ್ಕಂಡ್ಯಾ? ನಮ್ಮನ್ಯಾಗೆ ಮದ್ವೆ ಐತೆ. ನಮ್ಮ ಮುಯ್ಯಿ ಯಾವಾಗ ತೀರಿಸ್ತೀಯ?"

ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಾಲಗಾರರ ಮನೆ ಮುಂದೆ ಬಂದು ಬೊಬ್ಬೆ ಹೊಡೆಯುವವರ ಹಾಗೆ ನಿಂತಿದ್ದಳು ನಮ್ಮಮ್ಮ. ಅವಳನ್ನು ಎಳೆದುಕೊಂಡು ಓಡಿಹೋಗೋಣ ಎಂದು ಸೆರಗು ಹಿಡಿದೆ. ಆಗ ಆ ಹೆಂಗಸಿನ ಮುಖ ನೋಡಿದೆ. ಅವಳು ಕುಗ್ಗಿರಲಿಲ್ಲ. ಬೆನ್ನು ನೆಟ್ಟಗಾಗಿತ್ತು. ಹಟ್ಟಿಯ ಹೆಂಗಸರು ಕುಟ್ಟುವುದನ್ನು ನಿಲ್ಲಿಸಿದ್ದರು. ಯಜಮಾನ ಕಂಬಳಿ ಸರಿಮಾಡಿಕೊಂಡು, ಹಂಗಾದ್ರೆ ಅದು ಮುಯ್ಯೇನಾ, ದಾನ ಅಂದಿದ್ರಲ್ಲ ಎಂದು ನನ್ನ ಕಡೆ ನೋಡಿದ. ಅಮ್ಮ ನನಗೆ ಬಾಯಿ ತೆರೆಯಲು ಬಿಡಲಿಲ್ಲ. ಹುಡುಗರಿಗೆ ಏನು ಗೊತ್ತಾಗುತ್ತದೆ, ಮಾತು ನಾನು ಆಡುತ್ತಿದ್ದೇನಲ್ಲ ಎಂದಳು.

ಎಷ್ಟು ಆಳು ಕೊಡಬೇಕು ಎಂದು ಅವಳು ಕೇಳಿದಳು. ಬಂದಿದ್ದ ಹುಡುಗಿಯರು ಎಷ್ಟು ಜನವೋ ಅಷ್ಟು, ಎಲ್ಲ ಒಟ್ಟಿಗೆ ಬರಬೇಕು, ನೀನೊಬ್ಬಳೇ ಬಂದು ತಿಂಗಳುಗಟ್ಟಲೆ ಕೂತರೆ ನನ್ನ ಮಗಳ ಮದುವೆ ಕಾಯುವುದಿಲ್ಲ ಎಂದಳು ಅಮ್ಮ. ಇದು ಅತಿಯಾಯಿತು ಎಂದು ನನಗೆ ಸಿಟ್ಟೇ ಬಂತು. ಒಬ್ಬಳೇ ಇರುವವಳು ಅಷ್ಟು ಜನರನ್ನು ಎಲ್ಲಿಂದ ತರುತ್ತಾಳೆ? ಅಮ್ಮನಿಗೆ ಬುದ್ಧಿ ಕೆಟ್ಟಿದೆಯೇ?

ಅವಳು ನಿಧಾನವಾಗಿ ಹುಣಸೆ ಕುಟ್ಟುತ್ತಿದ್ದ ಹೆಂಗಸರ ಕಡೆ ತಿರುಗಿದಳು. ಏನೂ ಕೇಳಲಿಲ್ಲ. ಕೈಯಲ್ಲಿ ಸಗಣಿ ಒಣಗುತ್ತಿತ್ತು. ರೊಪ್ಪದಲ್ಲಿ ಕುರಿಮರಿಯೊಂದು ಅರಚುತ್ತಿತ್ತು. ಆಗ ನನಗೆ ಅರೆಬರೆಯಾಗಿ ಹೊಳೆಯತೊಡಗಿತು. ಅಷ್ಟು ಆಳು ತೀರಿಸಬೇಕೆಂದರೆ ಅವಳು ಹಟ್ಟಿಯಿಂದ ಆಳು ಮುಯ್ಯಿಗೆ ತೆಗೆದುಕೊಳ್ಳಲೇಬೇಕು. ಅವರು ಕೊಟ್ಟರೆ ಅವಳು ಮತ್ತೆ ಗುಂಪಿನವಳು. ಕೊಡದಿದ್ದರೆ ಮುಗಿಯಿತು, ಹೊಲವೂ ಮುಗಿಯಿತು. ಅಮ್ಮ ಅವಳ ಇಡೀ ಬದುಕನ್ನು ಆ ಕಟ್ಟೆಯ ಮುಂದೆ ತಂದು ನಿಲ್ಲಿಸಿದ್ದಳು.

ಮೂಲೆಯಲ್ಲಿ ಕುಳಿತಿದ್ದ ದಪ್ಪನೆಯ ಹೆಂಗಸೊಬ್ಬಳು ಹುಣಸೆ ಬೀಜ ಪಕ್ಕಕ್ಕೆ ತಳ್ಳಿ ಬಾಯಿ ತೆರೆದಳು. ಇವಳ ಗಂಡ ಬಿದ್ದ ವರ್ಷ ಬಾಕಿ ಉಳಿದದ್ದು ಆ ದಪ್ಪನೆಯ ಹೆಂಗಸಿಗೆ ಕೊಡಬೇಕಾದ ಆಳೇ ಅಂತೆ.

"ಹಳೇ ಬಾಕೀನೂ ಸೇರಿಸಿ ನನ್ನ ಬಿತ್ನೆಗೆ ಬರ್ತೀಯೇನೆ?"

"ಬರ್ತೀನಿ."

"ಆಮೇಲೆ ಗಂಡನ ಕಾಲು ಅನ್ನಂಗಿಲ್ಲ."

"ಅನ್ನಲ್ಲ."

ಹಂಗಾದ್ರೆ ಹೋಗಾಣ, ನಾನೂ ಕಣಿವೆ ನೋಡಿಲ್ಲ ಎಂದು ಆ ದಪ್ಪನೆಯ ಹೆಂಗಸು ಎಲೆಅಡಿಕೆ ಚೀಲ ಬಿಚ್ಚಿದಳು. ಆಮೇಲೆ ಇನ್ನೊಬ್ಬಳು, ಅವಳ ಓರಗಿತ್ತಿ, ಅವಳ ಪಕ್ಕದವಳು. ನೋಡುತ್ತಿದ್ದ ಹಾಗೆ ಯಾರ ಬಿತ್ತನೆ ಮೊದಲು ಎಂದು ಜಗಳವೇ ಶುರುವಾಯಿತು. ಅವಳು ಎಲ್ಲರಿಗೂ ಹೂಂ ಎನ್ನುತ್ತಿದ್ದಳು. ಹಿಂದಿರುಗುವಾಗ ಬಸ್ಸಿನಲ್ಲಿ ಅಮ್ಮನ ಪಕ್ಕ ಕುಳಿತೆ. ಅವರು ಒಪ್ಪದೆ ಹೋಗಿದ್ದರೆ ನೀನು ಏನು ಮಾಡುತ್ತಿದ್ದೆ ಎಂದು ಕೇಳಿದೆ. ಗೊತ್ತಿಲ್ಲ ಕಣೆ ಎಂದಳು.

ಮದುವೆಯ ವಾರ ಅವರು ಬಂದರು. ಬಸ್ಸಿನಿಂದ ಇಳಿದ ಆ ಹಿಂಡನ್ನು ನೋಡಿ ಕ್ವಾರ್ಟರ್ಸಿನವರೆಲ್ಲ ಬಾಗಿಲಿಗೆ ಬಂದರು. ಒಬ್ಬೊಬ್ಬರೂ ತಮ್ಮ ಒನಕೆ ತಾವೇ ತಂದಿದ್ದರು. ಅರಿಶಿನ, ಮೆಣಸಿನಕಾಯಿ ಕುಟ್ಟಿದರು, ಶ್ಯಾವಿಗೆ ಹೊಸೆದರು, ಬೇಳೆ ಒಡೆದರು, ಸರ್ಕಾರದ ಅಂಗಳವನ್ನು ಸಗಣಿ ಹಾಕಿ ಬಳಿದು ನಮ್ಮದು ಮಾಡಿಬಿಟ್ಟರು. ಅಪ್ಪ ಕಚೇರಿಯಿಂದ ಬಂದು ತಮ್ಮ ಮನೆಯಲ್ಲೇ ಎಲ್ಲಿ ಕಾಲಿಡಬೇಕೆಂದು ತಿಳಿಯದೆ ಹೊಸಲಿನ ಹೊರಗೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಅವಳು ಎಲ್ಲರ ನಡುವೆ ಕುಳಿತು, ಅವರಿಗಿಂತ ಜೋರಾಗಿ ಕುಟ್ಟುತ್ತ, ಅವರು ಕಾಲೆಳೆದರೆ ತಿರುಗಿ ಕಾಲೆಳೆಯುತ್ತ ಇದ್ದಳು. ನಾನು ಪಕ್ಕ ಹೋಗಿ ಕುಳಿತರೆ ನಕ್ಕು, ಹಿಟ್ಟಿನ ಕೈಯಿಂದ ನನ್ನ ಕೆನ್ನೆ ತಟ್ಟುತ್ತಿದ್ದಳು. ಇಷ್ಟು ಸಂತೋಷವಾಗಿದ್ದ ಅವಳನ್ನು ನಾನು ಮೊದಲು ನೋಡಿರಲಿಲ್ಲ. ನನಗೂ ಸಂತೋಷವಾಗಿತ್ತು. ಇವಳು ಇನ್ನು ನಮ್ಮವಳು, ಹಬ್ಬಕ್ಕೆ ಕರೆಯಬೇಕು, ರಜೆಗೆ ಹೋಗಬೇಕು ಎಂದೆಲ್ಲ ಮನಸ್ಸಿನಲ್ಲೇ ಹಾಕಿಕೊಂಡಿದ್ದೆ.

ಮದುವೆಯ ಹಿಂದಿನ ದಿನ ಮಳೆ ಬಿತ್ತು. ಚಪ್ಪರ ನೆನೆಯಿತೆಂದು ನಾವು ಒದ್ದಾಡುತ್ತಿದ್ದರೆ ಅವರು ಹೊರಗೆ ಬಂದು ಮಣ್ಣು ಹಿಡಿದು ನೋಡಿದರು. ಇಲ್ಲೇ ಇಷ್ಟು ಬಿದ್ದಿದ್ದರೆ ಅಲ್ಲಿ ಹದ ಆಗಿರುತ್ತದೆ ಎಂದರು. ಕೆಲಸವೂ ಮುಗಿದಿತ್ತು. ಮದುವೆ ಊಟ ಮುಗಿಸಿಕೊಂಡು ಹೋಗ್ರಿ ಎಂದು ಅಮ್ಮ ಎಷ್ಟು ಹೇಳಿದರೂ ನಿಲ್ಲಲಿಲ್ಲ. ಬಿತ್ತನೆ ನಿಲ್ಲುತ್ತದೆಯೇ ಎಂದರು. ಅಮ್ಮ ಮುಂದೆ ಬಲವಂತ ಮಾಡಲಿಲ್ಲ.

ನಾನು ಬಸ್ಸಿನವರೆಗೆ ಹೋದೆ. ಅವಳು ಎಲ್ಲರನ್ನೂ ಹತ್ತಿಸಿ, ಒನಕೆಗಳನ್ನು ಒಳಗೆ ಕೊಟ್ಟು, ಕೊನೆಗೆ ನನ್ನ ಹತ್ತಿರ ಬಂದಳು. ಬೇವಿನ ಮರದ ಕೆಳಗೆ ಹಿಡಿದಿದ್ದ ಹಾಗೆ ಕೈ ಹಿಡಿಯುತ್ತಾಳೆ ಎಂದುಕೊಂಡೆ. ಹಿಡಿಯಲಿಲ್ಲ. ಎರಡೂ ಕೈ ಒಂದಕ್ಕೊಂದು ಒರೆಸಿಕೊಂಡಳು.

"ತೀರ್ತು ಕಣವ್ವ. ಇನ್ನು ನಿನಗೂ ನನಗೂ ಏನೂ ಇಲ್ಲ."

ಅವಳ ಮುಖ ಹಗುರವಾಗಿ ಹೊಳೆಯುತ್ತಿತ್ತು. ನನಗೆ ಯಾರೋ ಹಿಂದಿನಿಂದ ದೂಡಿದ ಹಾಗಾಯಿತು. ಬಾಯಿಗೆ ಬಂದದ್ದನ್ನು ಹೇಳಿದೆ, ದಸರಾ ರಜೆಗೆ ಬರುತ್ತೇನೆ ಅಕ್ಕ, ಶೇಂಗಾ ಬಿಡಿಸೋಕೆ, ಒಬ್ಬಳೇ ಬರುತ್ತೇನೆ ಎಂದೆ. ಅವಳು ಗಾಬರಿಯಿಂದ ತಲೆ ಅಲ್ಲಾಡಿಸಿದಳು.

"ಬ್ಯಾಡ ಕಣವ್ವ. ತೀರ್ಸಾಕೆ ಈ ವರ್ಸ ನಿಮ್ಮನ್ಯಾಗೆ ಇನ್ನೊಂದು ಮದ್ವೆ ಎಲ್ಲೈತೆ?"

ಬಸ್ಸು ಹೊರಟಿತು. ಕಿಟಕಿಯಲ್ಲಿ ಅವಳು ಕಂಡಳು. ಆ ದಪ್ಪನೆಯ ಹೆಂಗಸಿನ ಪಕ್ಕ ಕುಳಿತು, ಕೈ ಆಡಿಸುತ್ತ, ಯಾರ ಹೊಲ ಮೊದಲು ಎಂದು ಆಗಲೇ ವಾದಕ್ಕೆ ಇಳಿದಿದ್ದಳು. ಬಸ್ಸು ಕಾಲುವೆಯ ತಿರುವು ದಾಟುವವರೆಗೂ ನಾನು ಕೈ ಎತ್ತಿಕೊಂಡು ನಿಂತಿದ್ದೆ. ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ.